ತಿಳಿ

ಎಲ್ ಆಲ್ಟೊ. ನಾಲ್ಕು ಸಾವಿರ ಮೀಟರು.
ಇಲ್ಲಿ ಉಸಿರಿಗೂ ಪಡಿತರ.

ಬೆಳಗಿನ ಮೊದಲ ಟ್ಯೂಬು ಸತುರ್ನಿನಾಳದು,
ಸಂತೆಯಲ್ಲಿ ಒಣ ಆಲೂಗಡ್ಡೆ ಮಾರುವವಳು, ಹನ್ನೆರಡು ವಾರ.
ತೋಳು ಚಾಚಿ ಕಿಟಕಿಯತ್ತ ಮುಖ ತಿರುಗಿಸಿ
ಕೇಬಲ್ ಕಾರು ಎಣಿಸಿದಳು: ಆರು, ಏಳು...
ಎಂಟಕ್ಕೆ ನನ್ನ ಸೂಜಿ ಹೊರಗೆ.

ಯಂತ್ರದಲ್ಲಿ ನೆತ್ತರು ಗಿರಗಿರ ತಿರುಗಿ
ಕೆಂಪು ತಳಕ್ಕೆ ಕೂತಿತು,
ಮೇಲೆ ಒಣಹುಲ್ಲಿನ ಬಣ್ಣದ ತಿಳಿ.
ಅದರಲ್ಲಿ ಹುಡುಕುತ್ತೇನೆ, ಮಾಸು ತಾಯಿಗೆ ಬರೆದ ಓಲೆ:
ಬೇರು ಇಳಿಯಿತೇ? ನೀರು ಸಿಕ್ಕಿತೇ?

ಸಂಖ್ಯೆ ಕಡಿಮೆ ಬಂತು.
ಮತ್ತೊಮ್ಮೆ ಹಾಕಿದೆ. ಅಷ್ಟೇ.

ನಮ್ಮಕ್ಕ ಬೆನಿತಾಳ ಕಾಲಕ್ಕೆ ಸಂಖ್ಯೆ ಇರಲಿಲ್ಲ.
ಎಂಟನೇ ತಿಂಗಳಲ್ಲಿ ಬೆರಳು ಬಾತು ಉಂಗುರ ಹೂತುಹೋಗಿ
ಭಾವ ತಂತಿ ಕತ್ತರಿಸುವ ಇಕ್ಕಳ ತಂದ.
"ಕಣ್ಣೆದುರು ಮಿಣುಕುಹುಳ" ಅಂದಳು.
ಈ ಎತ್ತರದಲ್ಲಿ ಎಲ್ಲಿಯ ಮಿಣುಕುಹುಳ!
ನಾವು ನಕ್ಕೆವು.

"ನನ್ನ ರಕ್ತ ಕೆಟ್ಟದ್ದಾ?" ಸತುರ್ನಿನಾ ಕೇಳುತ್ತಾಳೆ.
ಇಲ್ಲ ತಾಯಿ, ಇದು ತೀರ್ಪಲ್ಲ.
ಇಂಥ ಹತ್ತು ಮಂದಿಯಲ್ಲಿ ಹೆಚ್ಚಿನವರು ನೆಟ್ಟಗೇ ಹೆರುತ್ತಾರೆ;
ಯಾರು ಅಲ್ಲ ಎಂಬುದನ್ನು ಟ್ಯೂಬು ಹೇಳುವುದಿಲ್ಲ.
ಡಾಕ್ಟರು ರಾತ್ರಿಗೊಂದು ಆಸ್ಪಿರಿನ್ ಬರೆಯುತ್ತಾರೆ, ಚಿಕ್ಕದು.
ವಾರ ವಾರ ಬಂದು ಬಿ.ಪಿ. ಪಟ್ಟಿಗೆ ತೋಳು ಕೊಡು.

ಅವಳು ಶಾಲಿನ ಗಂಟು ಬಿಚ್ಚಿ
ಒಂದು ಹಿಡಿ ಆಲೂಗಡ್ಡೆ ಮೇಜಿನ ಮೇಲಿಟ್ಟಳು,
ನೋಡಲು ಕಲ್ಲು, ಎತ್ತಿದರೆ ಹಗುರ.
ಬಾಗಿಲಲ್ಲಿ ನಿಂತು,
"ಉಂಗುರ ತೆಗೆದಿಡಲಾ?"

ಅಕ್ಕನ ಮಾತು ನಾನು ಎತ್ತಿರಲಿಲ್ಲ.
ಬೇಡ, ಅಂದೆ, ಬೆರಳಲ್ಲೇ ಇರಲಿ.
ದಿನಾ ಬೆಳಿಗ್ಗೆ
ಒಂದು ಸುತ್ತು ತಿರುಗಿಸಿ ನೋಡು.