ಬಟ್ಟಲ ತಳ

ಪೋರ್ಟೊ-ನೋವೊ ಸಂತೆಯಲ್ಲಿ
ಅಫಿಯಾವಿ ಶೇಂಗಾ ಮಾರುವ ಬಟ್ಟಲು
ಯಾರೋ ಕಾದ ಮರಳಲ್ಲಿಟ್ಟು ಬಾಗಿಸಿದ ಹಾಡಿನ ತಟ್ಟೆ.
ಅಂಚಿನಲ್ಲಿ ಇನ್ನೂ ಗೀರುಗಳ ಸುಳಿ.

ಡೊಸು ನಿಂತ. ಹನ್ನೊಂದು ವರ್ಷದಿಂದ
ಅವನು ಹುಡುಕುತ್ತಿರುವುದು ಒಂದೇ:
ಮುನ್ನೂರೇ ಪ್ರತಿ, ಹಸಿರು ಚೀಟಿ,
ಎರಡನೇ ಮಗ್ಗುಲಿನ ಹಿಮ್ಮೇಳದಲ್ಲಿ ಅವನವ್ವ,
ಹಾಡಿನ ನಡುವೆ ಕೆಮ್ಮಿದವಳು.
ಮತ್ತೊಮ್ಮೆ ಹಾಡಿಸಲು ಕಾಸಿರಲಿಲ್ಲವಂತೆ.

ತಳ ಕಾಣದು.
“ಸುರಿದು ತೋರಿಸೋಕಾಗಲ್ಲ,
ಕೊಂಡು ಖಾಲಿ ಮಾಡು.”
ಕೊಂಡ. ಜೇಬು, ಟೋಪಿ,
ಪಕ್ಕದ ಹುಡುಗರ ಬೊಗಸೆ.

ಹಸಿರೇ.
ಹೆಸರಿರಬೇಕಾದಲ್ಲಿ
ಎಣ್ಣೆ.

ಬಗ್ಗಿ ಕಿವಿಯಿಟ್ಟು
ಉಗುರಿನಿಂದ ಒಂದು ಸುತ್ತು ಗೀರಿದ.

“ಬಟ್ಟಲು ಮಾರಲ್ಲ” ಅಂದಳು ಅಫಿಯಾವಿ,
“ನಾಳೆ ಬಾ, ಮತ್ತೆ ತುಂಬಿರುತ್ತೆ.”