ಮೂರು ಕಡೆ

ನೊಜುಕೋ, ಸ್ವಲ್ಪ ಬಾ ಇಲ್ಲಿ, ಅಂತ ಕೂಗಿದರೆ
ಮಾಪಿನ ಕೋಲು ಗೋಡೆಗೆ ಒರಗಿಸಿ
ಒದ್ದೆ ಕೈ ಏಪ್ರನ್ನಿಗೆ ಒರೆಸಿ
ಮಂಚದ ಕಾಲ ದೆಸೆ ಹೋಗಿ ನಿಲ್ಲಬೇಕು.
ನನಗೆ ಸಂಬಳ ನೆಲಕ್ಕೆ.
ಮಾತಿಗೆ ಇಲ್ಲ.

ಮ್ತಾತಾದ ಈ ಆಸ್ಪತ್ರೆಗೆ ಡಾಕ್ಟರುಗಳು ಬರುತ್ತಾರೆ, ವರ್ಷ ಇರುತ್ತಾರೆ,
'ಉಸಿರೆಳೆ', 'ಬಿಡು', 'ಇಲ್ಲಿ ನೋವಾ?'
ಇಷ್ಟು ನಮ್ಮ ಭಾಷೆ ನಾಲಿಗೆಗೆ ಹತ್ತುವ ಹೊತ್ತಿಗೆ
ಗಂಟುಮೂಟೆ ಕಟ್ಟುತ್ತಾರೆ.
ನಾನು ಇತ್ತಣ ಮಾತು ಅತ್ತ ಸುರಿಯುವವಳು.
ಸುರಿಯುವಾಗ ಒಂದಿಷ್ಟು ಚೆಲ್ಲುತ್ತದೆ.
ಅದನ್ನು ಯಾರೂ ಒರೆಸುವುದಿಲ್ಲ.

ಆ ಮಂಗಳವಾರ, ಏಳನೇ ಮಂಚ. ಜೋಂಗಿಲಿಜ್ವೆ ಅಜ್ಜ.
ಇಪ್ಪತ್ತಾರು ವರ್ಷ ಚಿನ್ನದ ಗಣಿಯಲ್ಲಿ ಬಂಡೆ ಕೊರೆದು
ಧೂಳನ್ನು ಮಾತ್ರ ಮನೆಗೆ ತಂದವನು,
ಎದೆಯೊಳಗೆ.
ಡಾಕ್ಟರ್ ಫರ್ಮಾಕ್ ಕೇಳಿದಳು:
ಒಂದರಿಂದ ಹತ್ತರೊಳಗೆ, ನೋವು ಎಷ್ಟು?

ಕೇಳಿದೆ.
ಅಜ್ಜ ಕಿಟಕಿ ನೋಡಿದ.
'ಟ್ಯಾಕ್ಸಿ ಇಳಿದು ಗುಡ್ಡ ಹತ್ತುವಾಗ, ಮಗಳೇ,
ಮೊದಲು ಎಲ್ಲೂ ನಿಲ್ಲುತ್ತಿರಲಿಲ್ಲ,
ಹೆಗಲಲ್ಲಿ ಹಿಟ್ಟಿನ ಚೀಲ, ಬಾಯಲ್ಲಿ ಸಿಳ್ಳೆ.
ಹೋದ ಚಳಿಗಾಲ ಕತ್ತಾಳೆಯ ಹತ್ತಿರ ಒಮ್ಮೆ ಕೂತೆ.
ಈಗ ಕತ್ತಾಳೆಯ ಹತ್ತಿರ,
ಆಮೇಲೆ ಕೆಟ್ಟುಹೋದ ನಲ್ಲಿಯ ಹತ್ತಿರ,
ಆಮೇಲೆ ನನ್ನದೇ ದೊಡ್ಡಿಯ ಬೇಲಿ ಹಿಡಿದು.
ಮೂರು ಕಡೆ.
ಬೇಲಿಯ ಹತ್ತಿರ ನಿಂತರೆ ಹೆಂಡತಿಗೆ ಕಾಣುತ್ತದೆ,
ಅದಕ್ಕೇ ದನ ಎಣಿಸುವವನ ಹಾಗೆ ನಿಲ್ಲುತ್ತೇನೆ.
ದನ ಎಲ್ಲಿವೆ? ಮಾರಿ ಎರಡು ವರ್ಷವಾಯಿತು.'

ಹೊರಗೆ ಬೆಂಚಿನ ತುಂಬ ಜನ.
ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.
ಏನಂತಾರೆ?
ಮೂರು, ಅಂದೆ.

ಮೂರಾ! ಪರವಾಗಿಲ್ಲ ಹಾಗಾದರೆ!
ಅವಳ ಮುಖ ನಿಜವಾಗಿ ಅರಳಿತು, ಕೆಟ್ಟವಳಲ್ಲ.
ಚೀಟಿಯಲ್ಲಿ ಒಂದು ಮೂರು,
ಬಿಳಿ ಮಾತ್ರೆ, ದಿನಕ್ಕೆ ಎರಡು.
ಅಜ್ಜ ಎರಡೂ ಕೈಯೊಡ್ಡಿ ಇಸಕೊಂಡ,
ಅಷ್ಟು ದೊಡ್ಡ ಗುಡ್ಡವನ್ನು ಒಂದೇ ಮಾತಿಗೆ ಇಳಿಸಿಬಿಟ್ಟೆಯಲ್ಲೇ
ಅನ್ನುವ ಹಾಗೆ ನನ್ನನ್ನು ನೋಡಿದ.
ನೋಡಲಿಲ್ಲವೋ ಏನೋ.

ಸಂಜೆ ನನ್ನ ಮನೆಯ ಏರು ಹತ್ತುತ್ತ
ಎಲ್ಲೆಲ್ಲಿ ನಿಲ್ಲುತ್ತೇನೆಂದು ಲೆಕ್ಕ ಹಾಕಿದೆ.
ಎಲ್ಲೂ ಇಲ್ಲ.
ಆದರೂ ನಿಂತೆ.

ಮರುದಿನ ಕರೆಯದೇ ಹೋದೆ.
ಡಾಕ್ಟರ್, ನಿನ್ನೆಯ ಮೂರು ತಪ್ಪು,
ಅದು ಅಂಕಿಯಲ್ಲ, ದಾರಿ.
ಅಂದರೆ ಎಷ್ಟು? ಏಳಾ? ಎಂಟಾ?
ಕೂತುಕೊಳ್ಳಿ, ಅಂದೆ.
ಹದಿನೇಳು ವರ್ಷದಲ್ಲಿ ಒಬ್ಬ ಡಾಕ್ಟರಿಗೆ
ಕೂತುಕೊಳ್ಳಿ ಅಂದದ್ದು ಅದೇ ಮೊದಲು.
ಕುರ್ಚಿ ಇರಲಿಲ್ಲ. ಬಕೆಟ್ ಬೋರಲು ಹಾಕಿದೆ.

ಕೂತಳು. ಮೊಣಕಾಲು ಗಲ್ಲಕ್ಕೆ ಬಂತು.
ಅಜ್ಜ ಮತ್ತೆ ಕೆಳಗಿನಿಂದ ಹತ್ತಿದ.
ಅವನು ನಿಂತಲ್ಲಿ ನಾನೂ ನಿಂತೆ,
ಕೆಮ್ಮಿದಲ್ಲಿ, ಕೆಮ್ಮು ಮುಗಿಯುವ ತನಕ, ಉಸಿರೆತ್ತಲಿಲ್ಲ.
ಕತ್ತಾಳೆ ಅಂದರೆ ಕತ್ತಾಳೆ. ನಲ್ಲಿ ಅಂದರೆ ನಲ್ಲಿ.
ಬೇಲಿಗೆ ಬಂದಾಗ ಕೈ ಅಡ್ಡ ಹಿಡಿದ:
ದನದ ಸಂಗತಿ ಬೇಡ, ಅದು ನಿನಗೆ ಹೇಳಿದ್ದು.
ಹೇಳಲಿಲ್ಲ.
ಈಗ ಹೇಳುತ್ತಿದ್ದೇನೆ, ಅಜ್ಜ ಇಲ್ಲವಲ್ಲ.

ಡಾಕ್ಟರ್ ಫರ್ಮಾಕ್ ಬಹಳ ಹೊತ್ತು ಏನೂ ಬರೆಯಲಿಲ್ಲ.
ಆಮೇಲೆ, ನನ್ನನ್ನಲ್ಲ, ಅವನನ್ನೇ ನೋಡುತ್ತ ಕೇಳಿದಳು:
ಕತ್ತಾಳೆಯಿಂದ ನಲ್ಲಿಗೆ ಎಷ್ಟು ಹೆಜ್ಜೆ?
ರಾತ್ರಿ ಮಲಗಿದಾಗ ಯಾವ ಕಡೆ ನಿಲ್ಲುತ್ತೀರಿ?

ಅಜ್ಜ ನಕ್ಕ. ಕೆಮ್ಮಿದ. ಎಲ್ಲಾ ಕಡೆ, ಅಂದ.
ಎಲ್ಲಾ ಕಡೆ, ಅಂದೆ.

ಅವಳು ಎದ್ದ ಮೇಲೆ ಬಕೆಟ್ ತಿರುಗಿಸಿ ನೀರು ತುಂಬಿದೆ.
ಹನ್ನೊಂದು ಗಂಟೆ.
ನೆಲ ಇನ್ನೂ ಅರ್ಧ ಬಾಕಿ ಇತ್ತು.