ನೀರಿನ ತೀರ್ವೆ

ನಡುವಿನ ಹಲಗೆಯಲ್ಲಿ ಕೂತುಕೊಳ್ಳಿ. ಚಪ್ಪಲಿ ಕೈಯಲ್ಲಿರಲಿ.
ಹುಟ್ಟು ಹಾಕುವುದು ನಾನೇ. ಗಂಡಸರಿಲ್ಲವಾ ಅಂತ ಕೇಳಬೇಡಿ,
ದೋಣಿಗೆ ಗೊತ್ತಿರುವುದು ಭಾರ ಮಾತ್ರ.

ಕೊರುಂಗು ಕುದ್ರುವಿನಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಂದಿರಲ್ಲ,
ಮಂಗಳೂರಿಂದ ಅರ್ಧ ಗಂಟೆ ಬಸ್ಸಲ್ಲಿ ನೇತಾಡಿ ಬಂದು.
ಉಂಟು ಮಾರಾಯ್ರೆ.
ಒಂದು ಶಿಲುಬೆ, ಒಂದು ಗುಳಿಗನ ಕಲ್ಲು,
ಎರಡಕ್ಕೂ ಒಂದೇ ಬಾಟಲಿಯ ಎಣ್ಣೆ,
ಪೇಟೆಯಿಂದ ತರುವವಳು ನಾನೇ.
ಮೂವತ್ತೊಂದು ಮನೆ. ಅಂಗಡಿ ಇಲ್ಲ. ಬೆಕ್ಕು ಬೇಕಾದಷ್ಟು.
ಸಿಹಿನೀರಿನ ಬಾವಿ ಒಂದು; ಮಾರ್ಚಿ ಕಳೆದರೆ
ಅದಕ್ಕೂ ಕಡಲಿನ ನೆನಪಾಗುತ್ತದೆ.

ಅಗೋ ಕಾಂಡ್ಲಾ. ಬೇರು ನೋಡಿ,
ಸೀರೆ ಎತ್ತಿ ಹಿಡಿದು ಹೊಳೆ ದಾಟುವ ಹೆಂಗಸರ ಹಾಗೆ.
ನೀರುನಾಯಿ ಬರುವುದು ಇಳಿತದ ಹೊತ್ತಿಗೆ, ಐದಾರು ಸೇರಿ;
ಮೀನಿನ ತಲೆ ಮೊದಲು ತಿನ್ನುತ್ತವೆ, ನಮ್ಮ ಫೆಲ್ಸಿ ಮಾವನ ಹಾಗೆ.
ಕ್ಯಾಮೆರಾ ತೆಗೆದರೆ ಇರುವುದಿಲ್ಲ.
ಮರುವಾಯಿ ಹೆಕ್ಕುವುದು ಕಣ್ಣಲ್ಲಲ್ಲ, ಕಾಲ ಬೆರಳಲ್ಲಿ.
ಸೊಂಟದವರೆಗೆ ನೀರು,
ಹೆಬ್ಬೆರಳು ಕೆಸರೊಳಗೆ ಓದುತ್ತಾ ಹೋಗುತ್ತದೆ:
ಇದು ಕಲ್ಲು, ಇದು ಖಾಲಿ ಚಿಪ್ಪು, ಇದು ಜೀವ.
ನಾನು ಅಕ್ಷರ ಕಲಿತದ್ದು ಹಾಗೆ.

ಚರಿತ್ರೆ ಬೇಕಾ?
ನಿಮ್ಮ ಕಾಲಬುಡದಲ್ಲಿ ಹಗ್ಗ ಕಟ್ಟಿದ ಹಂಚುಂಟಲ್ಲ, ಲಂಗರಿಗಿಟ್ಟದ್ದು,
ತಿರುಗಿಸಿ. ಅಚ್ಚೊತ್ತಿದ ಆನೆ, ಸೊಂಡಿಲು ಸವೆದಿದೆ.
ಕಾರ್ಖಾನೆಗೆ ಆವೆಮಣ್ಣು ಹೊತ್ತದ್ದು ನಮ್ಮಜ್ಜನ ದೋಣಿ;
ಹೋಗುವಾಗ ಮಣ್ಣು, ಬರುವಾಗ ಕೂಲಿಯ ಜೊತೆ ಒಡಕು ಹಂಚು.
ಊರಿನ ಮಾಡಿಗೆಲ್ಲ ಕೆಂಪು ಬಂತು,
ನಮ್ಮದಕ್ಕೆ ಮೂಲೆ ಮುರಿದ ಕೆಂಪು.
ಎಪ್ಪತ್ತನಾಲ್ಕರ ನೆರೆಗೆ ಆ ಮಾಡಿನ ಮೇಲೆ
ಎರಡು ರಾತ್ರಿ ಅಜ್ಜಿ, ಹೇಂಟೆಯನ್ನು ಅಪ್ಪಿ, ತೇರ್ಸ್ ಹೇಳುತ್ತಾ.
ಇಳಿಸಿಕೊಂಡದ್ದು ಆಚೆ ದಡದ ಮೋನಬ್ಬ.
ಹೇಂಟೆಗೆ ಬೇರೆ ಬಾಡಿಗೆ ಅಂದನಂತೆ, ನಗಿಸಲಿಕ್ಕೆ.
ತೆನೆ ಹಬ್ಬಕ್ಕೆ ಈಗಲೂ ಅವರ ಮನೆಗೆ ನಮ್ಮದೊಂದು ಹುಂಜ.

ಸ್ವಲ್ಪ ನಿಲ್ಲಿಸುತ್ತೇನೆ. ಗಳು ಊರಿದೆ, ಹೆದರಬೇಡಿ.
ಇಲ್ಲಿ, ಸರಿಯಾಗಿ ನೀವು ಕೂತಲ್ಲಿಯ ಕೆಳಗೆ,
ನಮ್ಮ ಅಂಗಳ.

ಮೇಲಿನ ತಿರುವಿಗೆ ಮರಳಿನ ಯಂತ್ರ ಬಂತು, ರಾತ್ರಿ ಪಾಳಿ.
ಹೊಟ್ಟೆ ಬಗೆಸಿಕೊಂಡ ಹೊಳೆ ಹಸಿವಿಗೆ ದಡ ತಿಂದಿತು.
ಮೊದಲು ತೆಂಗು, ಹದಿನೇಳು,
ಒಂದೊಂದೇ ತಲೆ ಬಾಗಿ, ಕೆಲಸ ಬಿಟ್ಟು ಹೋಗುವವರ ಹಾಗೆ.
ಆಮೇಲೆ ಮಲ್ಲಿಗೆ ಚಪ್ಪರ. ಆಮೇಲೆ ಬಟ್ಟೆ ಒಗೆಯುವ ಕಲ್ಲು.
ಸರ್ವೆಯವರು ಸರಪಳಿ ಎಳೆದು ಬಂದರು,
ನೀರಿನ ಅಂಚಿಗೆ ಬಂದು ಪರಸ್ಪರ ಮುಖ ನೋಡಿದರು.
ಪಹಣಿಯಲ್ಲಿ ಮಾತ್ರ ನಲವತ್ತೆರಡು ಸೆಂಟ್ಸು
ಇನ್ನೂ ಒಣಗಿಕೊಂಡು ಬಿದ್ದಿದೆ.
ತೀರ್ವೆ ಕಟ್ಟುತ್ತೇನೆ, ಪ್ರತಿ ವರ್ಷ. ರಶೀದಿ ಉಂಟು.
‘ಸೆಲೆಸ್ತಿನ್ ಬಾಯಿ, ನೀರಿಗ್ಯಾಕೆ ದುಡ್ಡು?’ ಗುಮಾಸ್ತ ಕೇಳುತ್ತಾನೆ.

ಇಳಿತ ಜೋರಿರುವ ಅಮಾವಾಸ್ಯೆಗೆ
ಒಗೆಯುವ ಕಲ್ಲು ತಲೆ ಎತ್ತುತ್ತದೆ, ಒಂದು ಗಳಿಗೆ.
ಹೋಗಿ ಒಂದು ಬಟ್ಟೆ ಒಗೆದು ಬರುತ್ತೇನೆ.
ಸ್ವಾಧೀನ ಬಿಡಬಾರದು, ಅಪ್ಪ ಹೇಳಿದ್ದು.

ಕಡವು ಬಂತು. ನೋಡಿ ಇಳಿಯಿರಿ, ಮೆಟ್ಟಿಲಿಗೆ ಪಾಚಿ.
ಹತ್ತು ರೂಪಾಯಿ, ಚಿಲ್ಲರೆ ಕೊಡಿ;
ಫೋನಿನ ದುಡ್ಡು ಹೊಳೆ ದಾಟುವುದಿಲ್ಲ.
ಐದಕ್ಕೆ ಇಲ್ಲಿಂದ ಕೂಗು ಹಾಕಿ, ಜೋರಾಗಿ.
ಪಡುಗಾಳಿ ಇದ್ದರೆ ನನಗೆ ಕೇಳುವುದಿಲ್ಲ.